ಒಂದೇ ಅಳತೆ

ಹಟ್ಟಿಯಲ್ಲಿ ಎರಡನೇ ಪಾಳಿಯ ಸೈರನ್ ಕೂಗಿದಾಗ
ನನ್ನ ರಸಾಯನದ ಪಿರಿಯಡ್ಡು ಇನ್ನೂ ಅರ್ಧ ಬಾಕಿ.
ಗೋಡೆಯ ಕೋಷ್ಟಕದ ಎಡಗಡೆ ಮೂಲೆ ಗೆದ್ದಲು ತಿಂದು
ಸೀಸಿಯಂ ಉಳಿದಿದೆ, ಅದರ ಕೆಳಗೆ ಬರೀ ಸುಣ್ಣ.

ಎಡದಿಂದ ಬಲಕ್ಕೆ ಕೋಲು ಸರಿಸಿದೆ:
ಸೋಡಿಯಂ ಅಷ್ಟು ದೊಡ್ಡದು,
ಕ್ಲೋರಿನ್ ಅದರ ಅರ್ಧ.
ಹುಲಿಗೆಮ್ಮ ಎದ್ದಳು:
"ಆರು ಮಂದಿ ಹೆಚ್ಚಾದ್ರ ಮನಿ ಸಣ್ಣದು ಹ್ಯಾಂಗಾಗ್ತದ್ರಿ ಮೇಡಂ?
ನಮ್ಮ ಕ್ವಾರ್ಟರ್ಸಿಗೆ ಒಬ್ಬ ಮಾವ ಬಂದ್ರ
ಹೊರಗ ತಗಡು ಹಾಕಬೇಕಾಗ್ತದ."
ಕ್ಲಾಸು ನಕ್ಕಿತು. ನಾನೂ.

ಬಂದವರೆಲ್ಲ ನಿಂತದ್ದು ಅದೇ ಅಂಗಳದಲ್ಲಿ, ಅಂದೆ,
ಯಾರೂ ಯಾರಿಗೂ ಮರೆಯಲ್ಲ;
ಒಬ್ಬೊಬ್ಬರು ಬಂದಂತೆ ನಡುವಿನ ಸೆಳೆತಕ್ಕೆ
ಒಂದೊಂದು ಕೈ ಹೆಚ್ಚು.
ಕೆಳಗಿಳಿದರೆ ಬೇರೆ ಮಾತು,
ಸಾಲಿಗೊಂದು ಲೆವೆಲ್ಲು.
ಅದನ್ನು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ,
ಅವರಪ್ಪ ದಿನಾ ಕೇಜಿನಲ್ಲಿ ಇಳಿಯುವವನು.

"ಹಂಗಾದ್ರ ಬೆಳ್ಳಿ ಕೆಳಗಿನ ಬಂಗಾರ ದೊಡ್ಡದಲ್ರಿ?"

ಪುಸ್ತಕ ತಿರುವಿದೆ.
ಬೆಳ್ಳಿ, ನೂರಾ ನಲವತ್ತನಾಲ್ಕು.
ಬಂಗಾರ, ನೂರಾ ನಲವತ್ತನಾಲ್ಕು.
ಹನ್ನೊಂದು ವರ್ಷ ಈ ಊರಲ್ಲಿ ಪಾಠ ಹೇಳಿದ್ದೇನೆ,
ಬಂಗಾರದ್ದೇ ಸಂಬಳ ಬರುವ ಊರು,
ಯಾರೂ ಕೇಳಿರಲಿಲ್ಲ.

ಪಟದ ಕೆಳಗೆ ಬೇರೆ ಚಾಪೆ ಹಾಸಿ ಕೂರಿಸಿದ್ದಾರಲ್ಲ,
ಹೆಸರು ನಾಲಿಗೆಗೆ ಹತ್ತದವರು, ಪರೀಕ್ಷೆಗೆ ಬಾರದವರು,
ಅವರ ಸಾಲು ದಾಟಿಯೇ ಬಂಗಾರಕ್ಕೆ ದಾರಿ.
ದಾರಿಯಲ್ಲಿ ಒಳಕೋಣೆ ಹೊಕ್ಕ ಹದಿನಾಲ್ಕು ಎಲೆಕ್ಟ್ರಾನು
ಮರೆ ಹಿಡಿಯಲು ಬಾರದವು,
ಮೇ ತಿಂಗಳ ಬಿಸಿಲಿಗೆ ವಾಯಿಲ್ ಸೆರಗು ಹಿಡಿದ ಹಾಗೆ.
ಸೆಳೆತ ತೂರಿ ಬರುತ್ತದೆ.
ಬೆಳೆಯಬೇಕಿದ್ದ ಬಂಗಾರ ಅಲ್ಲೇ ಮುದುಡಿ ನಿಂತಿತು.

ಶನಿವಾರ ಮುದಗಲ್ಲಿಗೆ ಹೋದವಳು
ಅವ್ವನ ಒಡೆದ ಬೆಂಡೋಲೆ ಮೌನೇಶ ಪತ್ತಾರನ ಮುಂದಿಟ್ಟೆ.
ಒರೆಗಲ್ಲಿಗೆ ಉಜ್ಜಿ, ಮೂಸೆಗೆ ಹಾಕಿ, ಊದುತ್ತಲೇ ಅಂದ:
"ಬೆಳ್ಳಿ ಕೂಡಿದ್ರ ಬಂಗಾರಕ್ಕ ಗೊತ್ತೇ ಆಗಂಗಿಲ್ರಿ.
ತಾಮ್ರ ಹಂಗಲ್ಲ, ಹೊಕ್ಕಲ್ಲಿ ಬಿರುಸು ಮಾಡ್ತದ."
ಯಾಕೆ ಅಂತ ನಾನು ಹೇಳಬಹುದಿತ್ತು.
ಊದುಗೊಳವಿ ಮತ್ತೆ ಬಾಯಿಗಿಟ್ಟ, ನಾನು ಸುಮ್ಮನಾದೆ.

ಸೋಮವಾರ ಹುಲಿಗೆಮ್ಮನ ಬೆರಳು
ಪಟದ ತೂತಿನ ಮೇಲೆ.
"ಗೆದ್ದಲ ತಿಂದದ್ದು ಎಷ್ಟು ದೊಡ್ಡದಿತ್ತ್ರಿ?"
ಎಲ್ಲರಿಗಿಂತ ದೊಡ್ಡದಿರಬಹುದು, ಫ್ರಾನ್ಸಿಯಂ,
ಯಾರೂ ಕೈಯಲ್ಲಿ ಹಿಡಿದು ಅಳೆದಿಲ್ಲ ಕಣೆ,
ಇಪ್ಪತ್ತೆರಡು ನಿಮಿಷಕ್ಕೆ ಅರ್ಧ ಹೋಗಿರುತ್ತದೆ.

"ಅರ್ಧ ಪಿರಿಯಡ್ಡು," ಅಂದಳು,
ಗಡಿಯಾರ ನೋಡಿ.