ನಾಲ್ಕು ಲೀಟರು

ಅಜ್ಮಾನಿನ ಮೀನು ಮಾರ್ಕೆಟ್ಟಿನಲ್ಲಿ ಹದಿನೇಳನೇ ನಂಬರಿನ ಕಟ್ಟೆ ನನ್ನದು.
ಹತ್ತೊಂಬತ್ತು ವರ್ಷ. ಕಿಲೋಗೆ ಎರಡು ದಿರಮ್.
ಹಮೂರು, ಶೇರಿ, ಅಂಜಲು,
ಎಲ್ಲದರ ಹೊಟ್ಟೆಯೂ ಒಂದೇ ಗೀಟಿಗೆ ತೆರೆಯುತ್ತದೆ,
ಎರಡು ಬೆರಳು ಹಾಕಿ ಎಳೆದರೆ ಅಷ್ಟೂ ಕರುಳು ಬಕೆಟ್ಟಿಗೆ.
ಒಳಗೆ ಏನಿತ್ತೆಂದು ಯಾವತ್ತೂ ಬಗ್ಗಿ ನೋಡಿದವನಲ್ಲ.

ಈಗ ನನ್ನದರ ಸರದಿ.
ಡಾಕ್ಟರು ಕಾಗದದ ಮೇಲೆ ಸೊಟ್ಟ ಕೊಳವೆಯೊಂದನ್ನು ಬರೆದು
"ಇಲ್ಲಿಂದ ಇಲ್ಲಿವರೆಗೆ ನೋಡಬೇಕು, ಪೂರಾ ಖಾಲಿ ಇರಬೇಕು" ಅಂದರು.
ಇನ್ಶೂರೆನ್ಸಿನ ಒಪ್ಪಿಗೆ ಬರಲು ಹದಿನಾರು ದಿನ.
ಅಷ್ಟರೊಳಗೆ ರಕ್ತ ನಿಂತಿತ್ತು; ಹೆದರಿಕೆ ನಿಂತಿರಲಿಲ್ಲ.

ಮೂರು ದಿನ ಬೀಜವಿರುವುದೇನೂ ಬೇಡ: ಟೊಮೆಟೊ, ಬೆಂಡೆ,
ಒಗ್ಗರಣೆಯ ಸಾಸಿವೆ ಕೂಡ.
ಕುಚ್ಚಲಕ್ಕಿ ಬೇಡ. ಬಿಳಿ ಅನ್ನ, ಬಿಳಿ ಬ್ರೆಡ್ಡು.
ಆಮೇಲೆ ಇಡೀ ಒಂದು ದಿನ ಬರೀ ತಿಳಿ.
ಗ್ಲಾಸಿನಾಚೆ ಹಿಡಿದ ಪೇಪರು ಓದಲು ಬರಬೇಕು, ಅಷ್ಟು ತಿಳಿ.
ಕೆಂಪು ಬಣ್ಣದ್ದು ಮುಟ್ಟಬಾರದು:
ರಕ್ತವೋ ಶರಬತ್ತೋ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲವಂತೆ.

ಅದೆಲ್ಲ ಸರಿ ಮಾರಾಯ್ರೆ,
ನುಐಮಿಯಾದ ನಮ್ಮ ರೂಮಿನಲ್ಲಿ ಏಳು ಮಂಚ, ಒಂದು ಬಾತ್‌ರೂಮು.
ಬಾಗಿಲಿಗೆ ಟೈಮ್‌ಟೇಬಲ್ಲು. ತಲೆಗೆ ಹತ್ತು ನಿಮಿಷ.
ಹನ್ನೊಂದನೆಯದಕ್ಕೆ ಕದ ತಟ್ಟುವ ಹಕ್ಕು ಎಲ್ಲರಿಗೂ ಉಂಟು.
ಒಂದು ರಾತ್ರಿಯಿಡೀ ಆ ಬಾಗಿಲು ನನಗೆ ಬೇಕೆಂದು ಹೇಗೆ ಕೇಳುವುದು?
ಅರಬಾಬನ ಬೈಗುಳ, ಕಡಿದ ಸಂಬಳ, ತಂಗಿಯ ಮದುವೆಗೆ ಸಿಗದ ರಜೆ,
ಎಲ್ಲ ಹೊಟ್ಟೆಗೆ ಹಾಕಿಕೊಂಡವನಿಗೆ ಇದೊಂದು ಬಾಯಿಗೆ ಬರಲಿಲ್ಲ.
ಡಾಕ್ಟರ ಚೀಟಿಯನ್ನು ಫ್ರಿಜ್ಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಬಂದಾಗ ಟೈಮ್‌ಟೇಬಲ್ಲಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು,
ಅಡಿಯಲ್ಲಿ ಮಾರ್ಕರಿನಿಂದ ಖಾರ್ವಿ ಭಾಯ್,
ಒಂದಕ್ಷರ ತಪ್ಪಿ.

ನೀರಿನದು ಇನ್ನೊಂದು ಕಥೆ. ಜುಲೈ ತಿಂಗಳು.
ತಾರಸಿಯ ಟ್ಯಾಂಕು ಹಗಲಿಡೀ ಕಾದು
ಮಧ್ಯರಾತ್ರಿಗೂ ನಲ್ಲಿಯಲ್ಲಿ ಚರ್ಮ ಸುಡುವ ಬಿಸಿ.
ನರ್ಸಯ್ಯ ಮಾರ್ಕೆಟ್ಟಿನಿಂದ ಮೀನಿನ ಐಸು ತಂದು ಎರಡು ಬಕೆಟ್ಟಿಗೆ ಸುರಿದ.
"ಮೊದಲ ಸಲಕ್ಕೆ ಬೇಡ" ಅಂದ,
"ಹತ್ತನೇ ಸಲಕ್ಕೆ ನನ್ನನ್ನು ನೆನೆಸುತ್ತಿ."
ನೆನೆಸಿದೆ.

ನಾಲ್ಕು ಲೀಟರು. ಕಾಲು ಗಂಟೆಗೊಂದು ಗ್ಲಾಸು.
ನಿಂಬೆಯ ವಾಸನೆ ಹಾಕಿದ ಸಮುದ್ರ.
ಮೊದಲ ಲೀಟರಿಗೆ ಏನೂ ಇಲ್ಲ; ನಾನು ನಕ್ಕೆ.
ಎರಡನೆಯದಕ್ಕೆ ಹೊಟ್ಟೆಯೊಳಗೆ ಬೋಟಿನ ಇಂಜಿನು ಚಾಲೂ ಆಯಿತು.
ಮುಂದಿನದು ಹೇಳುವಂಥದ್ದಲ್ಲ,
ಹೇಳದೆಯೂ ಕೇಳುತ್ತದೆ, ನಮ್ಮ ಗೋಡೆ ತೆಳು.
ಆದರೆ ಯಾರೋ ಟೀವಿಯ ಸದ್ದು ಏರಿಸುತ್ತಿದ್ದರು,
ಪ್ರತಿ ಸಲ, ಸರಿಯಾಗಿ ನಾನು ಕೂತ ಕೂಡಲೇ.

ನಡುವೆ ಊರಿನಿಂದ ಫೋನು. "ದನಿ ಯಾಕೆ ಹಾಗೆ?"
"ಏಸಿ ಗಾಳಿ" ಅಂದೆ.
"ಯಾಕೋ ಕರುಳು ಚುರ್ ಅಂತು, ಅದಕ್ಕೇ ಮಾಡಿದೆ" ಅಂದಳು ಸುಲತಾ.
ಅವಳದಿರಬೇಕು. ನನ್ನದರಲ್ಲಿ ಆಗ ಏನೂ ಉಳಿದಿರಲಿಲ್ಲ.

ಫಜರಿನ ಹೊತ್ತಿಗೆ ಮೊಫಿಜುಲ್ ವಜು ಮಾಡಲು ಮಸೀದಿಗೇ ಇಳಿದು ಹೋದ.
ಉಳಿದವರು ಪೆಟ್ರೋಲ್ ಬಂಕಿಗೆ, ಜೇಬಿನಲ್ಲಿ ಟೂತ್‌ಬ್ರಶ್ಶು.
ಆರು ಗಂಟೆಗೆ ನನ್ನಿಂದ ಹೊರಟದ್ದರಾಚೆಗೂ
ಪೇಪರು ಓದಬಹುದಿತ್ತು.

"ಜೊತೆಗೆ ಬಂದವರು ನಿಮಗೇನಾಗಬೇಕು?" ನರ್ಸು ಕೇಳಿದಳು.
ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದ ಮೊಫಿಜುಲ್ ನನ್ನ ಮುಖ ನೋಡಿದ.
"ಒಂದೇ ಬಾತ್‌ರೂಮು" ಅಂದ.
ಅವಳು ಸಹೋದರ ಎಂದು ಬರೆದುಕೊಂಡಳು.

ಎಡಮಗ್ಗುಲು, ಮಂಡಿ ಎದೆಗೆ, ಸೂಜಿ. ಅಷ್ಟೇ ನೆನಪು.
ಎರಡು ಗುಳ್ಳೆ ಇದ್ದವಂತೆ, ತೆಗೆದು ಸೀಸೆಗೆ ಹಾಕಿದ್ದಾರೆ,
ಹತ್ತು ದಿನ ಬಿಟ್ಟು ಹೇಳುತ್ತಾರೆ.
ಫೋಟೋ ಕೊಟ್ಟರು: ನಸುಗೆಂಪು ಸುರಂಗ, ಈಗಷ್ಟೇ ತೊಳೆದಿಟ್ಟ ಹಾಗೆ.
ಇಷ್ಟು ವರ್ಷ ಹೊತ್ತು ತಿರುಗಿದ್ದು
ಇಷ್ಟು ಚೆಂದ ಉಂಟೆಂದು ಯಾರೂ ಹೇಳಿರಲಿಲ್ಲ.

ಇವತ್ತು ಆರನೇ ದಿನ.
ಬಾಗಿಲಲ್ಲಿ ಹೊಸ ಟೈಮ್‌ಟೇಬಲ್ಲು, ನನಗೆ ಮಾತ್ರ ಹದಿನೈದು ನಿಮಿಷ.
ಬೆಳಿಗ್ಗೆ ಅರಬಿ ಅಜ್ಜಿಯೊಬ್ಬಳು ಎರಡು ಶೇರಿ ತಂದಿಟ್ಟಳು.
ಗೀಟು ಎಳೆದೆ, ಬೆರಳು ಹಾಕಿದೆ,
ಎಳೆಯುವ ಮೊದಲು ಒಮ್ಮೆ ಬಗ್ಗಿ ನೋಡಿದೆ.
"ಯಲ್ಲಾ, ಯಲ್ಲಾ" ಅಂದಳು ಅಜ್ಜಿ.