ಬೀಡಿನ ಪುಡಿ

ಕಾರವಾರದ ಬಸ್ಸು ಮುಂಜಾನೆ ಐದಕ್ಕ ಬಂದಾಗ
ಕಂಡಕ್ಟರ ಮೂಗಿಗೆ ಟವೆಲ್ಲು ಸುತ್ತಿಕೊಂಡಿದ್ದ.
"ಇದನ್ನ ಮೊದಲ ಇಳಿಸ್ರಿ ಮಾರಾಯರ,
ಯಲ್ಲಾಪುರದಿಂದ ಯಾರೂ ಕಣ್ಣು ಮುಚ್ಚಿಲ್ಲ."
ನೀಲಿ ಡ್ರಮ್ಮು ಎರಡು.
ಒಳಗ ಅಳಿವೆಯ ಕೆಸರು,
ಕೊಳೆತ ತತ್ತಿಯ ನಾತ.

ಇಪ್ಪತ್ತಾರು ವರ್ಷ ಧಾರವಾಡದ ಮಣ್ಣಿನ ಲ್ಯಾಬಿನ್ಯಾಗ
ಜರಡಿ ಹಿಡಿದೀನಿ, ಬಾಟಲಿ ತೊಳದೀನಿ, ಚೀಟಿ ಹಚ್ಚೀನಿ.
ನವಲಗುಂದದ ಎರಿ, ಕಲಘಟಗಿಯ ಮಸಾರಿ,
ಬೆರಳಿಗೆ ಹತ್ತಿದ ಕೂಡಲೆ ಊರ ಹೆಸರು ಹೇಳತಿದ್ದೆ.
ಇದಕ್ಕ ಮಾತ್ರ ಬೆರಳು ಮೂಕಾತು.

"ಇದರಲ್ಲಿ ಹುಲ್ಲು ಬೆಳೀಬೇಕು ಕಾಕಾ,"
ಅಂದ್ಲು ರೇವತಿ ಹರಿಕಂತ್ರ.
"ಪಾಚಿ ಅಲ್ಲ. ಬೇರಿದೆ, ಬೀಜ ಇದೆ,
ನೀರೊಳಗೇ ಹೂ ಬಿಡ್ತದೆ.
ಏಡಿಮರಿ, ಸಿಗಡಿಮರಿ ಅಡಗೋ ಜಾಗ.
ಹುಟ್ಟಿಗೆ ಸಿಕ್ಕಿಕೊಂಡರೆ ಅಪ್ಪ ಬೈತಿದ್ದ.
ಈಗ ಸಿಕ್ಕಿಕೊಳ್ಳೋದೇ ಇಲ್ಲ.
ಅದಕ್ಕೂ ಬೈತಾನೆ."

ಜನ್ಮವೆಲ್ಲ ಜಿಪ್ಸಮ್ಮು ಹಾಕಿ
ಹೊಲದಾಗಿನ ಉಪ್ಪು ತೊಳಿಯೋದನ್ನ ಕಲಿಸಿದವನು
ಅವತ್ತು ತಕ್ಕಡಿಯಾಗ ಉಪ್ಪು ತೂಗಿದೆ,
ಲೀಟರಿಗೆ ಮೂವತ್ತು ಗ್ರಾಮು.
ಗಾಜಿನ ತೊಟ್ಟಿಯಾಗ ಸಮುದ್ರ ಕಲಸಿದೆ.
ಸಮುದ್ರ ನೋಡಿಲ್ಲ ಅಂತ ಅಕಿಗೆ ಹೇಳಲಿಲ್ಲ.

ಮೊದಲ ತಪ್ಪು ನಂದು.
ಮಣ್ಣು ಬಡವಾದ್ರ ಗೊಬ್ಬರ ಹಾಕು:
ಅವ್ವ ಕಲಿಸಿದ್ದು ಅಷ್ಟ.
ಅಕಿ ಊರಿಗೆ ಹೋದ ದಿವಸ
ಎರಡು ಹಿಡಿ ತಿಪ್ಪಿ ಗೊಬ್ಬರ ಬೆರಸಿಟ್ಟೆ.
ನಾಕ ದಿನಕ್ಕ ತೊಟ್ಟಿ ಹಂಚಿನ ತಳದಂಗ ಕರ್ರಗ,
ಗುಳ್ಳಿ ಮ್ಯಾಲ ಗುಳ್ಳಿ,
ಉಗುರಿನಷ್ಟು ಎಲಿ ಎಲ್ಲಾ ಕರಗಿ ಲೋಳಿ.
ಅಕಿ ಸಿಟ್ಟು ಮಾಡಲಿಲ್ಲ, ಅದ ಕೆಟ್ಟ ಅನಸ್ತು.
"ಈ ಕೆಸರಿಗೆ ಹಸಿವಿಲ್ಲ ಕಾಕಾ, ಉಸಿರಿಲ್ಲ.
ಒಳಗಿನ ಗಂಧಕ ಬೇರು ಸುಡ್ತದೆ.
ಅದನ್ನ ಹಿಡಿದು ಕಟ್ಟಿಹಾಕೋದಕ್ಕೆ ಕಬ್ಬಿಣ ಬೇಕು."

ಕಬ್ಬಿಣಕ್ಕ ಮೂರು ಕೊಟೇಶನ್ನು ಕೇಳಿತು ಆಫೀಸು.
ನಾ ಹುಬ್ಬಳ್ಳಿ ಬಸ್ಸು ಹತ್ತಿದೆ.

ಗೋಕುಲ ರೋಡಿನ್ಯಾಗ ಖಾಜಾಸಾಬನ ಲೇತು,
ಟ್ರ್ಯಾಕ್ಟರಿನ ಬ್ರೇಕ್ ಡ್ರಮ್ಮು ತಿರಗತಿತ್ತು.
"ಕೆಸರಿಗೆ ಕಬ್ಬಿಣ ಹಾಕ್ತೀರಿ?
ನಾವು ಕಬ್ಬಿಣಕ್ಕ ಕೆಸರು ತಾಗಬಾರದಂತ ಸಾಯ್ತೀವಿ.
ಉಕ್ಕು ಬ್ಯಾಡ್ರಿ, ಎಣ್ಣಿ ಕುಡದಿರತೈತಿ.
ಬೀಡು ಒಯ್ರಿ. ಒಣಾ ಕಡಿತೀವಿ ಅದನ್ನ."
ಸಿಮೆಂಟಿನ ಹಳೇ ಚೀಲ ತುಂಬ ಕೊಟ್ಟ,
ರೊಕ್ಕ ಮುಟ್ಟಲಿಲ್ಲ.
"ಹುಲ್ಲು ಹುಟ್ಟಿದ್ರ ಫೋಟೊ ತೋರಸ್ರಿ."

ಒಂದು ಟ್ರೇಕ್ಕ ಮೂರು ಚಮಚ, ಒಂದಕ್ಕ ಆರು, ಒಂದಕ್ಕ ಹನ್ನೆರಡು.
ಹನ್ನೆರಡಿಂದು ತುಕ್ಕು ಹಿಡಿದು
ಗಾರಿ ನೆಲದಂಗ ಬಿಗದು ಬೇರ ಮುರೀತು.
ಆರಿಂದು ಹೇಳಾಕಾಗದು.
ಮೂರು ಚಮಚದ್ದು ಒಂಬತ್ತು ದಿನ ಸುಮ್ಮನಿತ್ತು.
ಹತ್ತನೇ ದಿನ ಬಾಗಲಾ ತಗದೆ,
ನಾತ ಇಲ್ಲ.
ಮೀಟರು ಹೇಳೂಕ್ಕಿಂತ ಮೊದಲ ಮೂಗು ಹೇಳ್ತು.
ಕಿತ್ತು ನೋಡಿದ್ರ ಬೆಳ್ಳನ್ನ ಬೇರು,
ಅದರ ಸುತ್ತ ಅರಿಷಿಣ ಕುಂಕುಮ ಕಲಸಿದಂಥಾ ಬಣ್ಣ.
ರೇವತಿ ಅದನ್ನ ಹಸ್ತದ ಮ್ಯಾಲ ಇಟ್ಟುಕೊಂಡು
ಬಾಳೊತ್ತು ನಿಂತಳು,
ಊಟದ ಡಬ್ಬಿ ತಗೀಲಿಲ್ಲ.

ನಲವತ್ತು ಟ್ರೇ, ಅದ ರಾತ್ರಿ ಬಸ್ಸು, ಅದ ಕಂಡಕ್ಟರ.
ಗಾಳಿ ಮೂಸಿದ. "ಇವತ್ತೇನು, ಸತ್ತದ್ದೇನೂ ಇಲ್ಲಲ್ಲ?"

ಜೂನಿನ ದೊಡ್ಡ ತೆರಿ ಆದ ಮ್ಯಾಲ ಫೋನು ಬಂತು:
ಮೂವತ್ತೆರಡು ಕೊಚ್ಚಿಹೋದವು,
ಎಂಟು ಹಿಡಕೊಂಡಾವ.
ಜೊತಿಗೊಂದು ಫೋಟೊ,
ರಾಡಿ ನೀರು, ಅಕಿಯ ಹೆಬ್ಬಟ್ಟು,
ಹೆಬ್ಬಟ್ಟಿನ ಆಚೆ ಏನೋ ಹಸರು.

ಖಾಜಾಸಾಬ ಕೈ ಒರಸಿಕೊಂಡು
ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದ.
"ಇದರಾಗ ನನ್ನ ಪುಡಿ ಎಲ್ಲೈತ್ರಿ?"
ಕಾಣಂಗಿಲ್ಲ ಅಂದೆ.
ಹೌದನ್ನಲಿಲ್ಲ, ಅಲ್ಲನ್ನಲಿಲ್ಲ.
ಸಲಕಿ ತಗೊಂಡು ಮತ್ತೊಂದು ಚೀಲ ತುಂಬಿದ.
"ತಳಕ್ಕ ಕೈ ಕೊಟ್ಟು ಹಿಡೀರಿ," ಅಂದ,
"ಹರದೈತಿ."