ಬಸವನಹುಳು

ಐದು ಅಶ್ವಶಕ್ತಿಯ ಮೋಟರು ಮಾರಲೆಂದು ಹೋದವನು ನಾನು,
ತೋರ್ಷಾವ್ನ್‌ನಿಂದ ಲಾಂಚು ಹತ್ತಿ, ಕ್ಯಾಟಲಾಗು ಬಗಲಲ್ಲಿ.
ಫಾರೋ ದ್ವೀಪಗಳ ಆ ತುದಿಯೂರಿಗೆ ಹನ್ನೊಂದೇ ಮನೆ,
ದೋಣಿ ಎಳೆಯಬಲ್ಲ ತೋಳು ನಾಲ್ಕೇ ಜೋಡಿ.
ದಡದ ಶೆಡ್ಡಿನಲ್ಲೊಂದು ವಿಂಚು. ಅದರ ಒಡತಿ ಸುನ್ವಾ.

"ಎರಡೇ ಅಶ್ವಶಕ್ತಿ! ದೋಣಿ ನಾಲ್ಕು ಟನ್ನು!" ಎಂದೆ.
ಅವಳು ಮಾತಾಡದೆ ಗೇರುಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು.
ಕಪ್ಪೆಣ್ಣೆಯಲ್ಲಿ ಬೆರಳದ್ದಿ, ಉಣ್ಣೆಯಂಗಿಗೆ ಒರೆಸಿಕೊಂಡು,
"ಇದಕ್ಕೆ ಡೇನರು ಬಸವನಹುಳು ಅನ್ನುತ್ತಾರೆ.

ಮೋಟರು ನಿಮಿಷಕ್ಕೆ ಸಾವಿರದ ನಾನೂರು ಸುತ್ತು,
ಬರೀ ಗದ್ದಲ, ಹಿಡಿತವಿಲ್ಲ.
ಮೊಳದುದ್ದ ಹಿಡಿ ಸಿಕ್ಕಿಸಿದರೆ ಒಂದೇ ಕೈಯಲ್ಲಿ ತಡೆದೇನು.
ಹುಳ ಅರವತ್ತು ಸುತ್ತಿದರೆ ಚಕ್ರ ಒಂದು.
ಚಕ್ರ ಐದು ಸುತ್ತಿದರೆ ಡ್ರಮ್ಮು ಒಂದು.
ಮುನ್ನೂರು ಕೊಟ್ಟು ಒಂದು ಕೊಂಡೆ."

"ಬಲ ಮುನ್ನೂರು ಪಟ್ಟಾಯಿತಲ್ಲ!"
"ಎಲ್ಲಿ ಬಂತು? ಹಲ್ಲಿಗೆ ಹಲ್ಲು ತಿಕ್ಕುವಲ್ಲಿ
ಮೂರರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆ.
ಚಳಿಗೆ ನಮ್ಮ ಬೆಕ್ಕು ಮಲಗುವುದು ಈ ಪೆಟ್ಟಿಗೆಯ ಮೇಲೇ.
ಶಕ್ತಿ ಚಿಟಿಕೆಯಷ್ಟೂ ಹೆಚ್ಚಿಲ್ಲ ನೋಡು,
ವೇಗ ಮಾರಿ ತಿರುಚುಬಲ ಕೊಂಡದ್ದು,
ದಳ್ಳಾಳಿ ಪಾಲು ಕಳೆದು."

ಸಂಜೆ ಅವಳ ತಮ್ಮ ರೋಕುರ್‌ನ ದೋಣಿ ಬಂತು.
ಹಿಂದೆಯೇ ಅಲೆ ಎದ್ದಿತ್ತು.
ಗುಂಡಿ ಒತ್ತಿದಳು. ಮೋಟರು ಕಿರುಚಿತು,
ಡ್ರಮ್ಮು ಯೋಚನೆಗೆ ಬಿದ್ದವರ ಹಾಗೆ ತಿರುಗಿತು.
ಒಂದು ಉಸಿರಿಗೆ ಒಂದು ಗೇಣು.
ನೀರು ಹಿಂಬದಿಗೆ ಬಂದು ಗುದ್ದುತ್ತದೆ,
ಒಂದು ಉಸಿರಿಗೆ
ಒಂದು ಗೇಣು.
ನನ್ನ ಬಾಯಲ್ಲಿ ಬೈಗುಳ, ಕಂಕುಳಲ್ಲಿ ಐದು ಅಶ್ವಶಕ್ತಿ.

ಅರ್ಧ ದಾರಿಯಲ್ಲಿ ಕರೆಂಟು ಹೋಯಿತು.
ಹನ್ನೊಂದೂ ಮನೆ ಕತ್ತಲು.
ಕಣ್ಣು ಮುಚ್ಚಿಕೊಂಡೆ: ಇನ್ನೇನು ಹಗ್ಗ ಬಿಚ್ಚಿಕೊಂಡು,
ದೋಣಿ ಜಾರಿ, ಕಡಲು ಬಾಯ್ದೆರೆದು...

ಏನೂ ಆಗಲಿಲ್ಲ.
ಹುಳ ಚಕ್ರವನ್ನು ತಿರುಗಿಸುತ್ತದೆ,
ಚಕ್ರ ಹುಳವನ್ನು ಅಲುಗಿಸಲಾರದು.
ನಾಲ್ಕು ಟನ್ನು ಇಳಿಜಾರಿನಲ್ಲಿ ನಿಂತೇ ಇತ್ತು,
ಅದರಲ್ಲಿ ಕೂತೇ ರೋಕುರ್ ಪೈಪು ಹಚ್ಚಿದ.
"ಆದರೂ ಪೂರಾ ನಂಬಬಾರದು" ಎನ್ನುತ್ತ ಸುನ್ವಾ
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಗಾಲಿಗೆ ಮರದ ಬೆಣೆ ಕೊಟ್ಟಳು.

ಕ್ಯಾಟಲಾಗು ನಾನು ತೆರೆಯಲೇ ಇಲ್ಲ.
ಕೊನೆಗೆ ಅವಳಿಗೆ ಮಾರಿದ್ದು
ಎರಡು ಲೀಟರು ಗೇರೆಣ್ಣೆ,
ಅದೂ
ಬೆಲೆ ಇಳಿಸಿ.